ಚಂದ್ರನ ರೀಲು ಬಂದ ದಿನ

ಅಕ್ಕ ತೀರಿಕೊಂಡು ಹನ್ನೊಂದು ತಿಂಗಳಾದವು. ಅವಳ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತುಗಳನ್ನೆಲ್ಲ ಮಣ್ಣಿಗೆ ಬಂದವರು ಅವತ್ತೇ ಹೇಳಿ ಮುಗಿಸಿದರು. ಉಳಿದದ್ದು ನಾನು ಅವಳಿಗೆ ಮಾಡಿದ್ದು. ಅದು ಪೂರ್ತಿ ಗೊತ್ತಿದ್ದವರು ಇಬ್ಬರೇ ಇದ್ದೆವು. ಈಗ ನಾನೊಬ್ಬನೇ.

ನಮ್ಮ ಅಪ್ಪ ಲಕ್ಷ್ಮೇಶ್ವರದ ಡೇರೆ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ. ದೀಪಾವಳಿ ಮುಗಿದ ಮೇಲೆ ಊರ ಹೊರಗಿನ ಬಯಲಿನಲ್ಲಿ ಡೇರೆ ಏಳುತ್ತಿತ್ತು. ಮುಂಗಾರಿಗೆ ಮೊದಲು ಅದನ್ನು ಬಿಚ್ಚಿ ಮಡಚಿಡುತ್ತಿದ್ದರು. ಮಳೆಗಾಲದಲ್ಲಿ ಅಪ್ಪ ಗದಗಿನ ಹತ್ತಿ ಜಿನ್ನಿನಲ್ಲಿ ಕೂಲಿ ಮಾಡುತ್ತಿದ್ದ. ಡೇರೆಗೆ ಇದ್ದದ್ದು ಒಂದೇ ಮಷೀನು. ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವತನಕ ಕತ್ತಲು, ಸಿಳ್ಳೆ, ಬೈಗುಳ. ಎರಡು ಕಾರ್ಬನ್ ಕಡ್ಡಿಗಳ ನಡುವೆ ಕಿಡಿ ಹಚ್ಚಿ ಬೆಳಕು ಮಾಡುವ ಮಷೀನು ಅದು. ಕಡ್ಡಿ ಸವೆದಂತೆಲ್ಲ ಕೈಯಿಂದ ಮುಂದಕ್ಕೆ ತಳ್ಳುತ್ತಿರಬೇಕಾದ್ದರಿಂದ ಆಟ ನಡೆದಿರುವಾಗ ಆಪರೇಟರ್ ಅದನ್ನು ಬಿಟ್ಟು ಅಲ್ಲಾಡುವಂತಿರಲಿಲ್ಲ.

ಸಿನಿಮಾಕ್ಕೆ ಮೊದಲು ಸರ್ಕಾರದ ಸುದ್ದಿಚಿತ್ರ ತೋರಿಸಬೇಕೆಂಬುದು ಆಗಿನ ಕಟ್ಟಳೆ. ಆ ರೀಲುಗಳು ಮೊದಲು ದೊಡ್ಡ ಊರುಗಳ ಥಿಯೇಟರುಗಳಲ್ಲಿ ಓಡಿ, ಆಮೇಲೆ ಹುಬ್ಬಳ್ಳಿ, ಗದಗಿನಲ್ಲಿ ಸವೆದು, ಮೈತುಂಬ ಗೀರು ಬಿದ್ದ ಮೇಲೆ ನಮ್ಮ ಡೇರೆಗೆ ಬರುತ್ತಿದ್ದವು. ಮುಗಿದುಹೋದ ಲಡಾಯಿಗಳು ನಮ್ಮಲ್ಲಿ ಆಗ ಶುರುವಾಗುತ್ತಿದ್ದವು. ಸತ್ತ ಮಂತ್ರಿಗಳು ನಮ್ಮ ಪರದೆಯ ಮೇಲೆ ಇನ್ನೂ ಆರು ತಿಂಗಳು ಸೇತುವೆಗಳ ರಿಬ್ಬನ್ನು ಕತ್ತರಿಸುತ್ತಿದ್ದರು. ಅಪ್ಪನಿಗೂ ನಮ್ಮ ಓಣಿಗೂ ಇದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ರೇಡಿಯೋದಲ್ಲಿ ಹೇಳಿದ್ದು ಬರೀ ಸುದ್ದಿ, ಪರದೆಯ ಮೇಲೆ ಕಂಡದ್ದು ಆದದ್ದು. ಮನುಷ್ಯ ಚಂದ್ರನ ಮೇಲೆ ಇಳಿದನೆಂದು ರೇಡಿಯೋ ಹೇಳಿದಾಗ ಓಣಿಯವರು ನಕ್ಕಿದ್ದರಂತೆ. ಅಪ್ಪ ಡಬ್ಬಿ ಬಿಚ್ಚಿ ಆ ರೀಲನ್ನು ಓಡಿಸಿದ ದಿನವೇ ಅವರಿಗೆ ಮನುಷ್ಯ ಚಂದ್ರನ ಮೇಲೆ ಇಳಿದದ್ದು.

ಅದೇ ದಿನ, ಮೊದಲ ಆಟದ ಹೊತ್ತಿಗೆ, ಅಕ್ಕ ಹುಟ್ಟಿದಳು. ಅಪ್ಪ ಮಷೀನು ಬಿಡುವಂತಿರಲಿಲ್ಲ. ರೀಲು ಬದಲಿಸುವ ಕತ್ತಲಲ್ಲಿ ಡೇರೆಯ ಗೇಟಿನವನೇ ಮೈಕಿನಲ್ಲಿ ಕೂಗಿದನಂತೆ: "ನಮ್ಮ ಆಪರೇಟರಗ ಹೆಣ್ಣ ಕೂಸು ಹುಟ್ಟೇತಿ! ಚಂದ್ರಾಮನ ಮ್ಯಾಲ ಮನಶಾ ಇಳದಾನ, ಭೂಮಿ ಮ್ಯಾಲ ಈಕಿ ಇಳದಾಳ!" ಡೇರೆಯೊಳಗಿದ್ದ ಮಂದಿಯೆಲ್ಲ ಚಪ್ಪಾಳೆ ಹೊಡೆದರಂತೆ. ಈ ಕತೆಯನ್ನು ಅಪ್ಪ ಸಾಯುವವರೆಗೂ ಹೇಳಿದ. ಅವನ ನಂತರ ಅಕ್ಕ ಹೇಳಿದಳು.

ನಮ್ಮ ಓಣಿಯ ಮಕ್ಕಳೆಲ್ಲ ಶಾಲೆಯ ಪುಸ್ತಕದಲ್ಲಿ ಜೂನ್ ಒಂದರಂದು ಹುಟ್ಟಿದವರು. ಹೆಸರು ಹಚ್ಚುವಾಗ ಮಾಸ್ತರರು ಹಾಗೆ ಬರೆದುಕೊಳ್ಳುತ್ತಿದ್ದರು. ಖರೆ ವಯಸ್ಸನ್ನು ಲೆಕ್ಕ ಹಾಕುತ್ತಿದ್ದದ್ದು ಬೇರೆ ರೀತಿ. ಒಬ್ಬ ಪಾಕಿಸ್ತಾನದ ಲಡಾಯಿಯಲ್ಲಿ ಹುಟ್ಟಿದವ. ಒಬ್ಬಳು ಪ್ರಧಾನಿ ಪರದೇಶದಲ್ಲಿ ತೀರಿಕೊಂಡ ವರ್ಷದವಳು. ನಾನು ಅಕ್ಕನಿಗಿಂತ ಮೂರು ವರ್ಷ ಚಿಕ್ಕವನು, ದೊಡ್ಡ ಬರಗಾಲದವನು. ಆಗ ಸರ್ಕಾರ ಪರದೇಶದ ಕೆಂಪು ಜೋಳವನ್ನು ಹಂಚುತ್ತಿತ್ತು. ದನಗಳೂ ಮೂಸಿ ಬಿಡುತ್ತಿದ್ದ ಜೋಳ. ಆ ಸಾಲಿನಲ್ಲಿ ನಿಂತಾಗಲೇ ಅವ್ವನಿಗೆ ಹೆರಿಗೆಯ ಬ್ಯಾನಿ ಶುರುವಾಗಿತ್ತು.

ಅಕ್ಕ ಇದನ್ನು ಬಿಡುವವಳಲ್ಲ. ಆಟದಲ್ಲಿ ಸೋತರೂ ಗೆದ್ದರೂ ಅದೇ ಮಾತು. "ನಾ ಹುಟ್ಟಿದಾಗ ಮನಶಾ ಚಂದ್ರಾಮನ ಮ್ಯಾಲ ನಿಂತಿದ್ದ. ನೀ ಹುಟ್ಟಿದಾಗ ಮಂದಿ ಸಾಲಿನಾಗ ನಿಂತಿತ್ತು." ಅಪ್ಪ ಕೇಳಿ ನಗುತ್ತಿದ್ದ. ಸಿನಿಮಾ ಪೋಸ್ಟರುಗಳ ಹಿಂಬದಿಯ ಬಿಳಿಯಲ್ಲಿ ನಾವು ಅಕ್ಷರ ಕಲಿತೆವು. ಹೀರೋನ ಮುಖವಿದ್ದ ಪೋಸ್ಟರು ಅವಳಿಗೆ, ಖಳನಾಯಕನದು ನನಗೆ. ಪ್ರಧಾನಿಗೆ ಗುಂಡು ಹೊಡೆದ ಸುದ್ದಿ ಬಂದು ಶಾಲೆ ಬಿಟ್ಟ ದಿನ ಓಣಿಯ ಹೆಂಗಸರೆಲ್ಲ ಪಕ್ಕದ ಮನೆಯ ರೇಡಿಯೋದ ಮುಂದೆ ಕೂತು ಅಳುತ್ತಿದ್ದರು. ಅಕ್ಕನೂ ಅತ್ತಳು. ನನಗೆ ಅಳು ಬರಲಿಲ್ಲ. ಅವಳು ಮೂಗು ಒರೆಸಿಕೊಳ್ಳುತ್ತಲೇ ಎಲ್ಲರಿಗೂ ಕೇಳುವಂತೆ ಹೇಳಿದಳು: "ಅಂವಗ ಎಲ್ಲಿ ಕಣ್ಣೀರು? ಬರಗಾಲದಾಗ ಹುಟ್ಟ್ಯಾನ." ಅಂಥ ದಿನವೂ ಇಬ್ಬರು ನಕ್ಕರು.

ಹದಿನೇಳಕ್ಕೆ ಅವಳನ್ನು ಮುಂಡರಗಿಗೆ ಕೊಟ್ಟರು. ಚಂದ್ರನ ಕತೆಯನ್ನು ಅಲ್ಲಿಗೂ ತೆಗೆದುಕೊಂಡು ಹೋದಳು. ಆರು ವರ್ಷ ಮಕ್ಕಳಾಗಲಿಲ್ಲ. ಅತ್ತೆ ಬಾವಿಕಟ್ಟೆಯ ಮೇಲೆ ನಾಲ್ಕು ಹೆಂಗಸರ ಎದುರು ಹೇಳಿದಳಂತೆ: "ಚಂದ್ರಾಮನ ಮ್ಯಾಲ ನೀರಿಲ್ಲಂತ, ಹುಲ್ಲ ಸೈತ ಬೆಳಿಯೂದಿಲ್ಲಂತ. ಖರೆ ಐತಿ ಬಿಡು. ನಮ್ಮ ಮನ್ಯಾಗ ಕಣ್ಣಾರೆ ಕಂಡೀವಿ." ಮುಂದಿನ ವಾರ ಗಂಡ ಅವಳನ್ನು ಲಕ್ಷ್ಮೇಶ್ವರದ ಬಸ್ಸಿಗೆ ಹತ್ತಿಸಿದ. ಆ ಮಾತನ್ನು ಅಕ್ಕನೇ ನಮಗೆ ಹೇಳಿದ್ದು, ರೊಟ್ಟಿ ಬಡಿಯುತ್ತ, ಒಂದೇ ಸಲ. ಹೇಳಿ, "ಅಷ್ಟರ ಗೊತ್ತೈತಲ್ಲ ಮುದಿಕಿಗೆ, ಚಂದ್ರಾಮನ ಮ್ಯಾಲ ನೀರಿಲ್ಲಂತ" ಎಂದಳು. ಅಪ್ಪ ಎದ್ದು ಹೊರಗೆ ಹೋದ. ಎರಡು ವರ್ಷಕ್ಕೆ ತೀರಿಕೊಂಡ.

ಗಂಡ ಬಿಟ್ಟವಳೆಂದು ಓಣಿ ಅವಳನ್ನು ಚುಚ್ಚುತ್ತಿತ್ತು. ಆಗೆಲ್ಲ ಅವಳಿಗೆ ಎದುರು ಹೇಳಲು ಇದ್ದದ್ದು ಒಂದೇ. "ನೀವು ಯಾರ್ಯಾರು ಯಾವತ್ತು ಹುಟ್ಟೀರಿ ಅಂತ ನಿಮ್ಮವ್ವಗೂ ಗೊತ್ತಿಲ್ಲ. ನಾ ಹುಟ್ಟಿದ್ದು ಇಡೀ ಜಗತ್ತಿಗೇ ಗೊತ್ತೈತಿ." ಮಂದಿ ನಗುತ್ತಿದ್ದರು. ಆದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು.

ಗದಗ ಹೊಸ ಜಿಲ್ಲೆಯಾದಾಗ ನನಗೆ ಅಲ್ಲಿಯ ಒಂದು ಕಚೇರಿಯಲ್ಲಿ ದಫ್ತರಿಯ ಕೆಲಸ ಸಿಕ್ಕಿತು. ಧಾರವಾಡದಿಂದ ಲಾರಿಗಳಲ್ಲಿ ಹಳೆಯ ಕಡತಗಳು ಬಂದವು. ಗೋಣಿಚೀಲದಲ್ಲಿ ಬಂದವನ್ನು ಬಿಚ್ಚಿ, ಧೂಳು ಜಾಡಿಸಿ, ತಾಲೂಕುವಾರು ಕಟ್ಟಿಡುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಶಿರಹಟ್ಟಿ ತಾಲೂಕಿನ ಕಟ್ಟಿನಲ್ಲಿ ಡೇರೆ ಟಾಕೀಸಿನ ಪರವಾನಗಿಯ ಕಡತ ಸಿಕ್ಕಿತು. ಒಳಗೆ ಸುದ್ದಿಚಿತ್ರ ತೋರಿಸಿದ್ದಕ್ಕೆ ಕೊಡಬೇಕಿದ್ದ ಚೀಟಿಗಳು. ಪ್ರತಿ ಚೀಟಿಯಲ್ಲಿ ರೀಲಿನ ವಿಷಯ, ಮೊದಲು ತೋರಿಸಿದ ತಾರೀಖು, ಕೆಳಗೆ ಆಪರೇಟರನ ರುಜು. ಅಪ್ಪನ ಬರಹವನ್ನು ಅಷ್ಟು ವರ್ಷಗಳ ಮೇಲೆ ನೋಡಿ ಮೊದಲು ಕಣ್ಣು ತುಂಬಿತು. ಆಮೇಲೆ ಚಂದ್ರನ ರೀಲಿನ ಚೀಟಿ ಬಂತು. ತಿಂಗಳು ಜನವರಿ.

ಮನುಷ್ಯ ಚಂದ್ರನ ಮೇಲೆ ಇಳಿದದ್ದು ಜುಲೈನಲ್ಲಿ ಎಂದು ನಾನು ಶಾಲೆಯಲ್ಲಿ ಓದಿದ್ದೆ. ಜುಲೈನಲ್ಲಿ ಡೇರೆಯೇ ಇರುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಲು ನನಗೆ ಅಷ್ಟು ವರ್ಷ ಬೇಕಾಯಿತು. ಅಲ್ಲೇ ಗೋಣಿಯ ಮೇಲೆ ಕೂತು ನಕ್ಕೆ. ಆ ಚೀಟಿಯ ಜೆರಾಕ್ಸ್ ಮಾಡಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡೆ.

ಆ ರವಿವಾರ ಊರಿಗೆ ಹೋದಾಗ ಅವ್ವನನ್ನು ಕೇಳಿದೆ. "ಅವ್ವಾ, ಅಕ್ಕ ಹುಟ್ಟಿದಾಗ ಮಳಿ ಇತ್ತೇನ?"

"ಎಲ್ಲೀ ಮಳಿ? ಥಂಡಿ. ಸೂಲಗಿತ್ತಿ ಹೊಚ್ಚಲದಾಗ ಕುಂತು ಹಸಿ ಕಡಲಿ ಸುಲಕೊಂಡು ತಿಂತಿದ್ಲು. ನಾ ಇಲ್ಲಿ ಬ್ಯಾನಿ ತಿಂತಿದ್ದೆ. ಯಾಕ?"

"ಏನಿಲ್ಲ."

ಅವ್ವ ನನ್ನ ಮುಖ ನೋಡಿದಳು. "ನಂಗೂ ಗೊತ್ತೈತಿ," ಎಂದಳು. "ಆಕಿ ಹಂತ್ಯಾಕ ಅದೊಂದ ಐತಿ. ಅದಕ್ಕ ಕೈ ಹಚ್ಚಬ್ಯಾಡ."

ನಾನು ಕೈ ಹಚ್ಚಲಿಲ್ಲ. ಹನ್ನೆರಡು ವರ್ಷ ಹಚ್ಚಲಿಲ್ಲ. ಇದನ್ನು ಒಳ್ಳೆಯತನ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ವಿಮಾನಗಳು ಬಂದು ಎರಡು ಕಟ್ಟಡಗಳನ್ನು ಬೀಳಿಸಿದ್ದನ್ನು ನಾನು ಬೆಟಗೇರಿಯ ಒಂದು ಖಾನಾವಳಿಯ ಟಿ.ವಿ.ಯಲ್ಲಿ ನೋಡಿದೆ. ಮಂದಿ ರೊಟ್ಟಿ ಮುರಿಯುವುದನ್ನು ಬಿಟ್ಟು ನಿಂತಿದ್ದರು. ವಾರದ ಮೇಲೆ ಊರಿಗೆ ಹೋದರೆ ಅಕ್ಕ ಹೇಳಿದಳು: "ಆ ದೇಶದವರು ನಾ ಹುಟ್ಟಿದ ದಿನಾ ಚಂದ್ರಾಮನ ಮ್ಯಾಲ ಹೋಗಿದ್ರು. ಈಗ ನೋಡು ಹ್ಯಾಂಗ ಆತು. ನಂಗ ನಮ್ಮ ಮಂದೀನ ಸತ್ತಂಗ ಆಗೇತಿ." ಓಣಿಯ ಹೆಂಗಸರು ಅವಳನ್ನು ಸಮಾಧಾನ ಮಾಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಚಹಾ ಕುಡಿದೆ. ಕಚೇರಿಯ ನನ್ನ ಟೇಬಲ್ಲಿನ ಖಾನೆಯಲ್ಲಿ ಆ ಕಾಗದ ಇದೆ, ಬೇಕೆಂದಾಗ ಇವಳನ್ನು ನೆಲಕ್ಕೆ ಇಳಿಸಬಲ್ಲೆ ಎಂಬುದೇ ನನಗೆ ಒಂದು ಸುಖವಾಗಿತ್ತು. ಆ ಸುಖ ಮುಗಿದುಹೋಗಬಾರದೆಂದು ಸುಮ್ಮನಿದ್ದೆ.

ಅವ್ವ ಹೋದ ಮೇಲೆ ಅಕ್ಕ ಶಿರಹಟ್ಟಿಯಲ್ಲಿ ಒಂದು ಸರ್ಕಾರಿ ಶಾಲೆಗೆ ಬಿಸಿಯೂಟದ ಅಡುಗೆಯವಳಾಗಿ ಸೇರಿದಳು. ಅಲ್ಲೇ ಒಂದು ಖೋಲಿ ಹಿಡಿದಳು. ಅನ್ನ ಬೇಯುವಷ್ಟರಲ್ಲಿ ಮಕ್ಕಳಿಗೆ ಕತೆ ಹೇಳುತ್ತಿದ್ದಳು. ಅದು ಹೆಡ್ ಮಾಸ್ತರರ ಕಿವಿಗೂ ಬಿತ್ತು. ಅವರು ಒಳ್ಳೆಯ ಮನುಷ್ಯರು. ಮನುಷ್ಯ ಚಂದ್ರನನ್ನು ಮುಟ್ಟಿ ನಲವತ್ತು ವರ್ಷವಾಗುವ ದಿನ ಶಾಲೆಯಲ್ಲಿ ಒಂದು ಕಾರ್ಯಕ್ರಮ ಮಾಡಿ ಅವಳಿಗೆ ಶಾಲು ಹೊದಿಸಬೇಕೆಂದು ಗೊತ್ತುಮಾಡಿದರು.

ಅಕ್ಕ ನನಗೆ ಫೋನು ಮಾಡಿದಳು. "ಲೇ ತಮ್ಮಾ, ನೀ ರಜಾ ಹಾಕಿ ಬರಬೇಕ ನೋಡು. ಅಪ್ಪನ ಬಗ್ಗೆ ಎರಡ ಮಾತು ಹೇಳಾಕ ಯಾರರ ಬೇಕಲ್ಲ. ನನಗ ಸ್ಟೇಜ್ ಮ್ಯಾಲ ಕಾಲ ನಡಗ್ತಾವು."

"ಬರ್ತೀನಿ," ಎಂದೆ. ಹೊರಡುವಾಗ ಖಾನೆಯಿಂದ ಕಾಗದ ತೆಗೆದು ಕಿಸೆಯಲ್ಲಿಟ್ಟುಕೊಂಡೆ. ಕಾರ್ಯಕ್ರಮ ಮುಗಿದ ಮೇಲೆ ಅವಳೊಬ್ಬಳಿಗೇ ತೋರಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಹೊರಗೆ ಜಿಟಿಜಿಟಿ ಮಳೆ. ದೊಡ್ಡ ಕೋಣೆಯಲ್ಲಿ ಮಕ್ಕಳನ್ನು ಕೂಡಿಸಿದ್ದರು. ಗೋಡೆಗೆ ಥರ್ಮಾಕೋಲಿನ ಚಂದ್ರ. ಅಕ್ಕ ಬೆಟಗೇರಿಯ ಹೊಸ ಸೀರೆ ಉಟ್ಟು, ಮಾಸ್ತರರ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮೊದಲು ಸೆರಗು ಸರಿಮಾಡಿಕೊಂಡಳು. ಆಮೇಲೆ ಡೇರೆ ಬಂತು, ಅಪ್ಪ ಬಂದ, ಮೈಕಿನ ಕೂಗು ಬಂತು. ಮಕ್ಕಳು ಚಪ್ಪಾಳೆ ಹೊಡೆದರು. ಅವಳು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತಳು. ಇನ್ನೂ ನಗಿಸಬೇಕೆನಿಸಿತೇನೋ, ನನ್ನ ಕಡೆ ಕೈ ಮಾಡಿದಳು.

"ಅಲ್ಲಿ ಕುಂತಾನ ನೋಡ್ರಿ, ನನ್ನ ತಮ್ಮ. ಈತ ಹುಟ್ಟಿದಾಗ ಜಗತ್ತಿನಾಗ ಏನೂ ಆಗಿದ್ದಿಲ್ಲ. ನಮ್ಮವ್ವ ಕೆಂಪ ಜ್ವಾಳದ ಸಾಲಿನಾಗ ನಿಂತಿದ್ಲು. ಪಾಳಿ ತಪ್ಪೀತಂತ ಈತ ಜಲ್ದಿ ಜಲ್ದಿ ಹುಟ್ಟಿಬಿಟ್ಟ!"

ಮಕ್ಕಳು ಹೊರಳಿ ಹೊರಳಿ ನನ್ನನ್ನು ನೋಡಿ ನಕ್ಕರು. ಮಾಸ್ತರರೂ ನಕ್ಕು, "ಈಗ ನೀವೊಂದೆರಡು ಮಾತು ಹೇಳ್ರಿ" ಎಂದು ನನ್ನನ್ನು ಕರೆದರು.

ನಾನು ಸಿಟ್ಟಿನಿಂದ ಮಾತಾಡಲಿಲ್ಲ. ಸಿಟ್ಟು ಇದ್ದಿದ್ದರೆ ಮಾತು ತೊದಲುತ್ತಿತ್ತು, ಯಾರಾದರೂ ನಡುವೆ ಬಾಯಿ ಹಾಕುತ್ತಿದ್ದರು. ಕಚೇರಿಯಲ್ಲಿ ಕಡತ ಓದಿ ಹೇಳುವಂತೆ ಹೇಳಿದೆ. "ಮನುಷ್ಯ ಚಂದ್ರನ ಮ್ಯಾಲ ಇಳದದ್ದು ಇದ ಜುಲೈ ತಿಂಗಳದಾಗ. ಹೊರಗ ನೋಡ್ರಿ, ಮಳಿ ಹಿಡದೈತಿ. ಮಳಿಯಾಗ ಡೇರೆ ಇರತಿದ್ದಿಲ್ಲ. ಇದು ನಮ್ಮಪ್ಪ ರುಜು ಮಾಡಿದ ಕಾಗದ. ಈ ರೀಲು ಲಕ್ಷ್ಮೇಶ್ವರಕ್ಕ ಬಂದದ್ದು ಮುಂದಿನ ಜನವರಿಯಾಗ. ನಮ್ಮಕ್ಕ ಹುಟ್ಟಿದ್ದು ಅವಾಗ. ಅಷ್ಟೊತ್ತಿಗೆ ಚಂದ್ರನ ಮ್ಯಾಲ ಹೋದವರು ತಿರುಗಿ ತಮ್ಮ ಮನಿ ಸೇರಿ ಆರ ತಿಂಗಳಾಗಿತ್ತು." ಕೊನೆಯ ಮಾತನ್ನು ನಗು ಬರಲಿ ಎಂದೇ ಹೇಳಿದೆ. ಬಂತು. ಅವಳಿಗೆ ಬಂದದ್ದಕ್ಕಿಂತ ದೊಡ್ಡದು ಬಂತು.

ನಗು ಇಳಿದ ಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಹಂಗಾರ ಆಂಟಿ ಸುಳ್ಳ ಹೇಳಿದ್ರೇನ್ರಿ ಸರ್?"

"ಸುಳ್ಳ ಅಲ್ಲವಾ, ಲೆಕ್ಕ ಒಂಚೂರು ಹಿಂದ ಮುಂದ ಆಗೇತಿ," ಎಂದರು ಹೆಡ್ ಮಾಸ್ತರರು. ಮಡಚಿಟ್ಟಿದ್ದ ಶಾಲನ್ನು ಲಗುಬಗೆಯಿಂದ ಹೊದಿಸಿದರು. ಅಕ್ಕ ಅದನ್ನು ತೆಗೆದು, ಮಡಚಿ, ಕುರ್ಚಿಯ ಮೇಲಿಟ್ಟು ಅಡುಗೆ ಕೋಣೆಗೆ ಹೋದಳು.

ಊಟಕ್ಕೆ ಮಕ್ಕಳ ಸಾಲಿನ ತುದಿಯಲ್ಲಿ ನನ್ನನ್ನೂ ಕೂಡಿಸಿದರು. ಅಕ್ಕ ಬಕೆಟ್ಟು ಹಿಡಿದು ಬಡಿಸುತ್ತ ಬಂದಳು. ನನ್ನ ತಾಟಿನ ಮುಂದೆ ನಿಂತು, "ಸಾರು ಹಾಕಲೇನ್ರಿ ಸಾಹೇಬ್ರ?" ಎಂದು ಕೇಳಿದಳು. ಅವಳು ನನ್ನನ್ನು ಅವತ್ತಿನವರೆಗೆ 'ಲೇ' ಎಂದು ಕರೆದವಳು. ಆಮೇಲೆ ಯಾವತ್ತೂ ಹಾಗೆ ಕರೆಯಲಿಲ್ಲ.

ಮಕ್ಕಳು ಅವಳಿಗೆ 'ಸುಳ್ಳ ಚಂದ್ರಾಮ' ಎಂದು ಹೆಸರಿಟ್ಟರು. ಇದೂ ಅವಳೇ ಹೇಳಿದ್ದು. "ನಿಮ್ಮ ಕೃಪಾರೀ ಸಾಹೇಬ್ರ, ಹೊಸಾ ಹೆಸರ ಬಂತು."

ನನಗೆ ನಾಚಿಕೆಯಾಗಲಿಲ್ಲ ಎಂದಲ್ಲ. ಅವತ್ತು ತಿರುಗಿ ಬರುವಾಗ ಜೆರಾಕ್ಸನ್ನು ಹರಿದು ಬಸ್ಸಿನ ಕಿಟಕಿಯಿಂದ ಬಿಟ್ಟೆ. ಎರಡು ತಿಂಗಳ ಮೇಲೆ ಕಚೇರಿಯಲ್ಲಿ ಅವಧಿ ಮುಗಿದ ಕಡತಗಳನ್ನು ನಾಶಕ್ಕೆ ಕಳಿಸುವ ಪಟ್ಟಿ ಮಾಡಿದರು. ಡೇರೆಯ ಕಡತವೂ ಅವಧಿ ಮೀರಿದ್ದೇ. ಬೇಕಿದ್ದರೆ ಒಂದು ಚೀಟಿಯನ್ನು ತೆಗೆದಿಟ್ಟುಕೊಳ್ಳಬಹುದಿತ್ತು. ಮತ್ತೆ ಅದರ ಮುಖ ನೋಡುವುದು ಬೇಡವೆಂದು ನಾನೇ ಅದನ್ನು ಪಟ್ಟಿಗೆ ಸೇರಿಸಿ, ಕಟ್ಟಿ, ಲಾರಿಗೆ ಹಾಕಿಸಿದೆ.

ದಸರೆಯ ರಜೆಯಲ್ಲಿ ಅಕ್ಕ ಗದಗಿಗೆ ಬಂದಳು. ನನ್ನ ಮನೆಗೆ ಬರಲಿಲ್ಲ, ಕಚೇರಿಗೆ ಬಂದಳು. ಬೇರೆಯವರಂತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನನ್ನ ಟೇಬಲ್ಲಿನ ಮುಂದೆ ನಿಂತಳು.

"ಕುಂಡ್ರವಾ," ಎಂದೆ.

"ಕುಂಡ್ರಾಕ ಬಂದಿಲ್ಲರಿ. ಒಂದ ಕೆಲಸ ಐತಿ. ಡಬ್ಬಿ ಬಿಚ್ಚಿದ ದಿನಾನ ನಾ ಹುಟ್ಟೇನಿ ಅಂತ ಅಪ್ಪ ಹೇಳತಿದ್ದ. ಅದಂತೂ ಖರೆ ಐತಲ್ಲ? ನೀವು ತೋರಿಸಿದ ಕಾಗದದಾಗ ಮೊದಲ ತೋರಿಸಿದ ತಾರೀಖ ಐತಿ. ಹಂಗಾರ ಅದ ನಾ ಹುಟ್ಟಿದ ತಾರೀಖ. ಅದನ್ನ ಬರಕೊಡ್ರಿ. ಚಂದ್ರಾಮ ಹೋದರ ಹೋಗಲಿ. ನನಗೊಂದ ತಾರೀಖರ ಇರಲಿ."

ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲದ ಒಂದು ವಸ್ತು, ಖರೆ ಹುಟ್ಟಿದ ದಿನ, ಅಪ್ಪನ ರುಜುವಿನ ಜೊತೆ, ಹನ್ನೆರಡು ವರ್ಷ ನನ್ನ ಖಾನೆಯಲ್ಲಿ ಬಿದ್ದಿತ್ತು. ಅದನ್ನು ನಾನು ಅಷ್ಟು ಸಲ ಓದಿದ್ದೆ. ಓದಿದ್ದು ಅದು ಜುಲೈ ಅಲ್ಲ ಎಂಬುದನ್ನಷ್ಟೇ. ಜನವರಿ ಎಂಬುದು ನೆನಪಿನಲ್ಲಿತ್ತು. ದಿನ ಇರಲಿಲ್ಲ. ಕಣ್ಣು ಮುಚ್ಚಿದರೆ ಅಪ್ಪನ ರುಜು ಕಾಣುತ್ತಿತ್ತು, ಮೇಲಿನ ಅಂಕಿ ಕಾಣುತ್ತಿರಲಿಲ್ಲ.

"ಕಾಗದ ಇಲ್ಲ," ಎಂದೆ. "ಕಡತ ಹೋತು. ದಿನ ನನಗ ನೆನಪಿಲ್ಲ."

"ಕಸಗೊಳ್ಳುವಾಗ ಕಾಗದ ಇತ್ತು, ಕೊಡುವಾಗ ಇಲ್ಲ," ಎಂದಳು. "ನೀವು ಮರಿಯೂವಂಥವರಲ್ಲ. ನನಗ ಗೊತ್ತೈತಿ. ಇರಲಿ, ನಿಮಗ ಮನಸ ಬಂದಾಗ ಹೇಳ್ರಿ." ಚಪ್ಪಲಿ ಮೆಟ್ಟಿ ಹೋದಳು.

ಆಮೇಲೆ ಸಿಕ್ಕಾಗಲೆಲ್ಲ ಕೇಳಿದಳು. ಮದುವೆ ಮನೆಗಳಲ್ಲಿ, ಮಣ್ಣಿಗೆ ಹೋದಲ್ಲಿ, ಬಸ್ ನಿಲ್ದಾಣದಲ್ಲಿ. "ಮನಸ ಬಂತೇನ್ರಿ ಸಾಹೇಬ್ರ?" ನಾನು ನೆನಪಿಲ್ಲ ಎಂದಷ್ಟೂ ಅವಳಿಗೆ ನಾನು ಬಚ್ಚಿಟ್ಟಿದ್ದೇನೆ ಎಂಬುದು ಗಟ್ಟಿಯಾಗುತ್ತ ಹೋಯಿತು. ನಾನು ಅವಳ ಬೆನ್ನ ಹಿಂದೆ ಲಕ್ಷ್ಮೇಶ್ವರಕ್ಕೆ ಹೋಗಿ ಡೇರೆಯ ಗೇಟಿನವನನ್ನು ಹುಡುಕಿದೆ. ತೀರಿಕೊಂಡಿದ್ದ. ಮುದುಕರನ್ನು ಕೇಳಿದೆ. ಅವರಿಗೆ ಆ ರೀಲು ನೆನಪಿತ್ತು, ಗೀರುಗಳ ನಡುವೆ ಜಿಗಿಜಿಗಿದು ನಡೆಯುತ್ತಿದ್ದ ಮನುಷ್ಯ ನೆನಪಿದ್ದ, ಮೈಕಿನ ಕೂಗೂ ನೆನಪಿತ್ತು. ತಾರೀಖು ಕೇಳಿದರೆ, "ಚಂದ್ರಾಮನ ಮ್ಯಾಲ ಮನಶಾ ಇಳದ ದಿನ ತಮ್ಮಾ, ಮತ್ಯಾವಾಗ?" ಎನ್ನುತ್ತಿದ್ದರು.

ಸಕ್ಕರೆ ಕಾಯಿಲೆ ಅವಳ ಕಾಲನ್ನು ಹಿಡಿಯಿತು, ಆಮೇಲೆ ಮೂತ್ರಪಿಂಡವನ್ನು. ಕೊನೆಗೆ ಗದಗಿನ ಆಸ್ಪತ್ರೆಯೊಂದಕ್ಕೆ ಸೇರಿಸಿದೆ. ಮುಖ ಉಬ್ಬಿತ್ತು, ಮಾತು ಸ್ಪಷ್ಟವಿತ್ತು. ನರ್ಸ್ ಹುಡುಗಿ ಫಾರಂ ಹಿಡಿದುಕೊಂಡು ಮಂಚದ ಹತ್ತಿರ ಬಂದು ಹುಟ್ಟಿದ ತಾರೀಖು ಕೇಳಿದಳು.

"ಜೂನ್ ಒಂದು," ಎಂದೆ ನಾನು.

"ಅದು ಸಾಲ್ಯಾಗ ಬರಸಿದ್ದವ್ವಾ," ಎಂದಳು ಅಕ್ಕ. "ಖರೇದ್ದು ಈ ಸಾಹೇಬರ ಹಂತ್ಯಾಕ ಐತಿ. ಕೇಳು. ಇವತ್ತರ ಹೇಳತಾರೇನೋ."

ನರ್ಸ್ ಪೆನ್ನು ಎತ್ತಿ ನನ್ನನ್ನು ನೋಡಿದಳು. ಅಕ್ಕ ದಿಂಬಿನ ಮೇಲೆ ತಲೆ ಹೊರಳಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಚುಚ್ಚುವ ನಗೆ ಇರಲಿಲ್ಲ. ಕೇಳಲು ತಯಾರಾಗಿದ್ದಳು.

"ನನಗ ಗೊತ್ತಿಲ್ಲರಿ," ಎಂದೆ. ಖರೆ ಹೇಳಿದೆ. ದಾಖಲೆ ಇಲ್ಲದೆ ಅಂಕಿ ಹೇಳಿ ನನಗೆ ರೂಢಿಯಿಲ್ಲ.

ಅಕ್ಕ ಗೋಡೆಯ ಕಡೆ ತಿರುಗಿದಳು. ನರ್ಸ್ ಜೂನ್ ಒಂದು ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದಳು. ಮೂರನೆಯ ದಿನ ಮಧ್ಯಾಹ್ನ ಅಕ್ಕ ಸತ್ತಳು. ನಡುವಿನ ಎರಡು ದಿನ ನೀರು ಬೇಕಾದರೂ ಪಕ್ಕದ ಮಂಚದ ಮುದುಕಿಯ ಕಡೆಯವರನ್ನು ಕೇಳಿದಳು.

ಜನವರಿಯಲ್ಲಿ ಮೂವತ್ತೊಂದು ದಿನಗಳಿವೆ. ಅವುಗಳಲ್ಲಿ ಯಾವುದನ್ನು ಹೇಳಿದ್ದರೂ ಅವಳು ನಂಬುತ್ತಿದ್ದಳು.